ದಿನ ಎಣಿಸುವ ವಿಮೆ

ಅಮೆರಿಕದಂತಹ ಶ್ರೀಮಂತ ದೇಶದಲ್ಲಿ ವೃದ್ಧರ ಆಸ್ಪತ್ರೆ ಖರ್ಚನ್ನೆಲ್ಲ ಸರಕಾರವೇ ನೋಡಿಕೊಳ್ಳುತ್ತದೆಂದು ನಾವು ಭಾವಿಸಿರುತ್ತೇವೆ. ಹಾಗಿದ್ದರೆ ಅಲ್ಲಿ 65 ದಾಟಿದವರು ಸರಕಾರಿ ವಿಮೆಯ ಜೊತೆಗೆ ಖಾಸಗಿ ವಿಮೆಯನ್ನೂ ಕೊಳ್ಳುವುದೇಕೆ? ಆಸ್ಪತ್ರೆಯ ದಿನಗಳನ್ನು ಎಣಿಸುವ ಹಳೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರವಿದೆ.

1929ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯು ಶಾಲಾ ಶಿಕ್ಷಕರ ಮುಂದೆ ಒಂದು ಯೋಜನೆಯನ್ನಿಟ್ಟಿತು. ತಿಂಗಳಿಗೆ ಅರ್ಧ ಡಾಲರ್ ಕಟ್ಟಿದರೆ 21 ದಿನಗಳ ಆಸ್ಪತ್ರೆವಾಸ. ಮುಂದೆ ಬ್ಲೂ ಕ್ರಾಸ್ ಎಂಬ ದೊಡ್ಡ ವಿಮಾ ಜಾಲ ಬೆಳೆದದ್ದು ಇದರಿಂದಲೇ. ಆದರೆ ಇಂತಹ ವಿಮೆ ಹೆಚ್ಚಾಗಿ ನೌಕರಿಗೆ ಅಂಟಿಕೊಂಡಿತ್ತು. ಕಾಯಿಲೆಗಳು ಬೆನ್ನು ಹತ್ತುವ ವಯಸ್ಸಿಗೆ ಸರಿಯಾಗಿ ಅದು ಕೈಬಿಡುತ್ತಿತ್ತು. ಎಥೆಲ್ ಪರ್ಸಿ ಆಂಡ್ರಸ್ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಅನೇಕ ಕಂಪೆನಿಗಳ ಬಾಗಿಲು ತಟ್ಟಿ, ಕೊನೆಗೆ 1956ರಲ್ಲಿ ನಿವೃತ್ತ ಶಿಕ್ಷಕರಿಗೆ ಸಾಮೂಹಿಕ ವಿಮೆ ದೊರಕಿಸಿಕೊಟ್ಟರು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ವೃದ್ಧರ ಪಾಲಿಗೆ ಅದೊಂದು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ಅದೂ ದಿನಗಳನ್ನೇ ಎಣಿಸಿತು. ಮರುವರ್ಷ ಜಾರಿಗೆ ಬಂದಾಗ ಮೊದಲ 40 ಡಾಲರ್ ರೋಗಿಯದು, 60 ದಿನಗಳವರೆಗೆ ಉಳಿದದ್ದು ಸರಕಾರದ್ದು. 61ರಿಂದ 90ನೆಯ ದಿನದವರೆಗೆ ರೋಗಿ ದಿನಕ್ಕೆ 10 ಡಾಲರ್ ತೆರಬೇಕು. ಅನಂತರ ಏನೂ ಇಲ್ಲ! ಜೀವಮಾನಕ್ಕೊಮ್ಮೆ ಬಳಸಬಹುದಾದ ಇನ್ನೂ 60 ದಿನಗಳನ್ನು ಬಳಿಕ ಸೇರಿಸಲಾಯಿತು.

ಈ ಬಿರುಕಿನಲ್ಲಿ ಒಂದು ಮಾರುಕಟ್ಟೆಯೇ ಬೆಳೆಯಿತು. ಮೆಡಿಕೇರ್ ಬಿಟ್ಟ ಹಣವನ್ನು ತುಂಬುವ ಪಾಲಿಸಿಗಳು ಒಂದು ಕಡೆ, ಆಸ್ಪತ್ರೆಯಲ್ಲಿ ಮಲಗಿದ ಪ್ರತಿ ದಿನಕ್ಕೆ ಇಂತಿಷ್ಟು ನಗದು ಕೊಡುವ ಪಾಲಿಸಿಗಳು ಇನ್ನೊಂದು ಕಡೆ. ಏಜೆಂಟರು ಮಾರಿದ್ದು ವಿಮೆಗಿಂತ ಹೆಚ್ಚಾಗಿ ಭಯವನ್ನು. 1978ರಲ್ಲಿ ಕ್ಲಾಡ್ ಪೆಪ್ಪರ್ ಅಧ್ಯಕ್ಷತೆಯ ಸಂಸದೀಯ ಸಮಿತಿ ವಿಚಾರಣೆ ನಡೆಸಿದಾಗ, ಒಂದೇ ಖರ್ಚಿಗಾಗಿ ಹಲವು ಪಾಲಿಸಿಗಳನ್ನು ಹೊತ್ತು ಕೂತಿದ್ದ ವೃದ್ಧರ ಕಥೆಗಳು ಹೊರಬಂದವು.

ಬಿರುಕು ಮುಚ್ಚುವ ಪ್ರಯತ್ನವೂ ನಡೆಯಿತು. 1988ರ ಕಾನೂನು ದಿನಗಳ ಮಿತಿಯನ್ನೇ ತೆಗೆದುಹಾಕಿತು. ಆದರೆ ಖರ್ಚಿನ ಹೊರೆಯನ್ನು ವೃದ್ಧರ ಮೇಲೆಯೇ ಹೇರಿತು. ಸ್ಥಿತಿವಂತರು ವರ್ಷಕ್ಕೆ 800 ಡಾಲರ್‌ವರೆಗೂ ಹೆಚ್ಚುವರಿ ತೆರಿಗೆ ಕಟ್ಟಬೇಕಿತ್ತು. ಅವರಲ್ಲಿ ಅನೇಕರಿಗೆ ಹಳೆಯ ಮಾಲೀಕರ ಕಡೆಯಿಂದ ಇಂಥದೇ ವಿಮೆ ಮೊದಲೇ ಇತ್ತು. ಅವರು ನಿಜವಾಗಿ ಹೆದರಿದ್ದ ದೀರ್ಘಕಾಲದ ಶುಶ್ರೂಷಾಲಯದ ವೆಚ್ಚಕ್ಕೆ ಕಾನೂನಿನಲ್ಲಿ ಪರಿಹಾರವಿರಲಿಲ್ಲ. 1989ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಸಿಟ್ಟಿಗೆದ್ದ ವೃದ್ಧರು ಪ್ರಭಾವಿ ಸಂಸದ ಡಾನ್ ರೋಸ್ಟೆಂಕೋವ್‌ಸ್ಕಿಯವರ ಕಾರನ್ನೇ ಅಡ್ಡಗಟ್ಟಿದರು. ಅವರು ಕಾರಿನಿಂದಿಳಿದು ನಡೆದು ಪಾರಾಗಬೇಕಾಯಿತು. ಅದೇ ವರ್ಷಾಂತ್ಯಕ್ಕೆ ಕಾನೂನು ರದ್ದಾಯಿತು. ಆದರೂ ಬಡ ವೃದ್ಧರಿಗೆ ಸಿಕ್ಕಿದ್ದ ರಕ್ಷಣೆಯ ಬಹುಭಾಗ ಉಳಿದುಕೊಂಡಿತೆಂಬುದು ಈ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ.

1990ರ ಕಾನೂನು ಪೂರಕ ಪಾಲಿಸಿಗಳನ್ನು ಹತ್ತು ನಿಶ್ಚಿತ ಮಾದರಿಗಳಿಗೆ ಇಳಿಸಿತು. ದಿನಕ್ಕಿಷ್ಟು ನಗದು ಕೊಡುವ ಪಾಲಿಸಿಗಳು ಈ ಚೌಕಟ್ಟಿನ ಹೊರಗೇ ಉಳಿದವು. ಅಷ್ಟರಲ್ಲಾಗಲೇ ಇನ್ನೊಂದು ಬದಲಾವಣೆ ಆಗಿತ್ತು. 1983ರಿಂದ ಮೆಡಿಕೇರ್ ಆಸ್ಪತ್ರೆಗಳಿಗೆ ಕಾಯಿಲೆಯ ಲೆಕ್ಕದಲ್ಲಿ ನಿಗದಿತ ಮೊತ್ತ ಕೊಡತೊಡಗಿತು. ಹಾಗಾಗಿ ರೋಗಿಯನ್ನು ಬೇಗ ಮನೆಗೆ ಕಳಿಸುವುದರಲ್ಲೇ ಆಸ್ಪತ್ರೆಗೆ ಲಾಭ. ಮಲಗುವ ದಿನಗಳು ಕಡಿಮೆಯಾದಷ್ಟೂ ದಿನದ ಲೆಕ್ಕದ ಪಾಲಿಸಿಯಿಂದ ಸಿಗುವುದೂ ಕಡಿಮೆ.

2025ರಲ್ಲಿ ಆ ಮೊದಲ ಕಂತು 1,676 ಡಾಲರ್ ಆಗಿತ್ತು. 61ನೆಯ ದಿನದಿಂದ ದಿನಕ್ಕೆ 419.