ದಫ್ತರಿನಲ್ಲಿ ಉಳಿದ ಬಡವ: ಲಿವರ್‌ಪೂಲ್ ಬಂದರಿನ ಕೂಲಿಕಾರ ಪೂರ್ವಜನನ್ನು ಅರಸುವ ಬಗೆ

ಅರಸರ ಚರಿತ್ರೆಗೆ ಆಧಾರಗಳ ಕೊರತೆಯಿಲ್ಲ. ಅವರ ಶಾಸನಗಳಿವೆ, ನಾಣ್ಯಗಳಿವೆ, ಆಸ್ಥಾನ ಕವಿಗಳ ಹೊಗಳಿಕೆಯಿದೆ. ಸಿರಿವಂತರಿಗೆ ಉಯಿಲುಗಳೂ ಭೂಪತ್ರಗಳೂ ಇವೆ. ಆದರೆ ದಿನದ ಕೂಲಿಯನ್ನು ಆ ದಿನವೇ ಉಂಡು ಮುಗಿಸಿದವನು ತನ್ನ ಹಿಂದೆ ಏನನ್ನು ಬಿಟ್ಟುಹೋಗುತ್ತಾನೆ? ಶತಮಾನೋತ್ಸವದ ವೇಳೆಯಲ್ಲಿ ಈ ಪ್ರಶ್ನೆ ಅಪ್ರಸ್ತುತವೇನಲ್ಲ. ನೂರು ವರ್ಷಗಳ ಹಿಂದೆ ದೇವಾಲಯಗಳ ಕಲ್ಲು ಹೊತ್ತವರಲ್ಲಿ ಬಹುಮಂದಿ ಇಂಥವರೇ ಅಲ್ಲವೆ? ಇದಕ್ಕೆ ಉತ್ತರವನ್ನು ನಾವು ದೂರದ ಇಂಗ್ಲೆಂಡಿನ ಬಂದರು ಪಟ್ಟಣವಾದ ಲಿವರ್‌ಪೂಲಿನಲ್ಲಿ ಅರಸೋಣ. ಕೂಲಿಕಾರ ಪೂರ್ವಜರನ್ನು ಹುಡುಕುವವರಿಗೆ ಅದು ಕಠಿನವಾದ ಊರು. ತಾಳ್ಮೆಯುಳ್ಳವರಿಗೆ ಫಲ ಕೊಡುವ ಊರೂ ಹೌದು.

ಮರ್ಸಿ ನದಿಯ ದಡದ ಈ ಊರಿನಲ್ಲಿ 1715ರಲ್ಲಿ ಮೊದಲ ಹಡಗುಕಟ್ಟೆ ತೆರೆಯಿತು. ಅಲ್ಲಿಂದ ಮುಂದೆ ನದಿಯುದ್ದಕ್ಕೂ ಕಟ್ಟೆಗಳ ಸಾಲೇ ಬೆಳೆಯಿತು. ಆ ಸಂಪತ್ತಿನ ತಳದಲ್ಲಿ ಗುಲಾಮರ ವ್ಯಾಪಾರದ ಪಾಪವಿತ್ತು. 1807ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನು ನಿಷೇಧಿಸಿತು. ಮುಂದೆ ಹತ್ತಿಯೇ ಬಂದರಿನ ಪ್ರಧಾನ ಸರಕಾಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ, ನಮ್ಮ ಧಾರವಾಡ ಸೀಮೆಯ ಹತ್ತಿಗೂ ಲಿವರ್‌ಪೂಲಿನಲ್ಲಿ ಬೇಡಿಕೆ ಬಂದಿತು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಯತ್ನ ನಡೆದುದೂ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದೂ ಆ ಕಾಲದಲ್ಲಿಯೇ. ನಮ್ಮ ರೈತ ಬೆಳೆದ ಹತ್ತಿಯ ಮೂಟೆಯನ್ನು ಅಲ್ಲಿ ಇಳಿಸಿದ ಹೆಗಲು ಯಾರದೆಂದು ಇಲ್ಲಿ ಯಾರೂ ಕೇಳಲಿಲ್ಲ. ಅದನ್ನು ಬೆಳೆದ ಕೈ ಯಾರದೆಂದು ಅಲ್ಲಿಯೂ ಯಾರೂ ಕೇಳಲಿಲ್ಲ.

ಆ ಹೆಗಲು ಎಷ್ಟೋ ವೇಳೆ ಐರ್ಲೆಂಡಿನವನದಾಗಿತ್ತು. 1845ರಿಂದ ಅಲ್ಲಿ ಆಲೂಗೆಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಘೋರ ಕ್ಷಾಮ ತಲೆದೋರಿತು. 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಐರಿಷರು ಲಿವರ್‌ಪೂಲಿಗೆ ಬಂದಿಳಿದರು. ಬಹುಮಂದಿ ಮುಂದಿನ ಹಡಗನ್ನೇರಿ ಅಮೆರಿಕಕ್ಕೆ ಹೋದರು. ಟಿಕೆಟಿಗೆ ಹಣವಿಲ್ಲದವರು ಅಲ್ಲಿಯೇ ನೆಲಮಾಳಿಗೆಗಳಲ್ಲಿ ತುಂಬಿಕೊಂಡರು. ಟೈಫಸ್ ಜ್ವರ ಹಬ್ಬಿತು. ಸಾಯುವವರ ಬಳಿಗೆ ಸಂಸ್ಕಾರ ಕೊಡಲು ಹೋದ 10 ಮಂದಿ ಕಥೋಲಿಕ ಗುರುಗಳು ಆ ವರ್ಷ ಅದೇ ಜ್ವರಕ್ಕೆ ಬಲಿಯಾದರು.

ಬದುಕುಳಿದವನಿಗೆ ದೊರೆತ ಕೆಲಸ ಹಡಗುಕಟ್ಟೆಯ ಬಿಡಿಕೂಲಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಗುಂಪಿನಲ್ಲಿ ನಿಲ್ಲಬೇಕು; ಮೇಸ್ತ್ರಿ ಕೈದೋರಿದವನಿಗೆ ಅರ್ಧ ದಿನದ ದುಡಿಮೆ, ಉಳಿದವರಿಗೆ ಬರಿಗೈ. ಈ ಪದ್ಧತಿ ಸಂಪೂರ್ಣವಾಗಿ ಕೊನೆಗೊಂಡದ್ದು 1967ರಲ್ಲಿ. ಅರ್ಧ ದಿನಕ್ಕೆ ಕರೆದವನ ಹೆಸರನ್ನು ಧಣಿ ಏಕೆ ಬರೆದಿಟ್ಟಾನು? ಆದುದರಿಂದ ಹತ್ತೊಂಬತ್ತನೆಯ ಶತಮಾನದ ಕೂಲಿಕಾರನನ್ನು ಅವನ ಕೆಲಸದ ಕಾಗದಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವನು ದೊರೆಯುವುದು ಅವನ ಹುಟ್ಟು, ಮದುವೆ, ರೋಗ ಮತ್ತು ಸಾವಿನ ಪುಟಗಳಲ್ಲಿ.

ಶೋಧದ ಮೊದಲ ನಿಯಮ, ತಿಳಿದುದರಿಂದ ತಿಳಿಯದುದರೆಡೆಗೆ ಹಿಮ್ಮೊಗವಾಗಿ ನಡೆಯುವುದು. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಸರಕಾರವೇ ಜನನ, ವಿವಾಹ, ಮರಣಗಳನ್ನು ದಾಖಲಿಸತೊಡಗಿತು. ಜನನಪತ್ರದಲ್ಲಿ ತಂದೆಯ ಕಸುಬು, ತಾಯಿಯ ತವರಿನ ಹೆಸರು, ಮನೆಯ ವಿಳಾಸ ಇರುತ್ತವೆ. ವಿವಾಹಪತ್ರದಲ್ಲಿ ವಧೂವರರ ತಂದೆಯರ ಹೆಸರೂ ಇರುತ್ತದೆ. ಒಂದು ಪತ್ರ ಹಿಂದಿನ ಇನ್ನೊಂದಕ್ಕೆ ದಾರಿ ತೋರುತ್ತದೆ. ರುಜು ಹಾಕಬೇಕಾದೆಡೆ ಎಷ್ಟೋ ವೇಳೆ ಶಿಲುಬೆಯಂಥ ಒಂದು ಗೀಟು, ಅದರ ಪಕ್ಕದಲ್ಲಿ ಗುಮಾಸ್ತ ಬರೆದ ಹೆಸರು. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದಂತೆ ಅದು ಅಕ್ಷರವರಿಯದವನ ಗುರುತು. ಜೀವಮಾನದಲ್ಲಿ ಅವನು ಕಾಗದದ ಮೇಲೆ ಸ್ವಹಸ್ತದಿಂದ ಬರೆದುದು ಅದೊಂದೇ ಇರಬಹುದು.

ಎರಡನೆಯ ಆಧಾರ ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಮೂವತ್ತೊಂಬತ್ತರವನು ಮೂವತ್ತೈದರವನಾಗಿ ಕಾಣುತ್ತಾನೆ. 1851ರಿಂದ ಸರಿಯಾದ ವಯಸ್ಸು, ಸಂಬಂಧ, ಹುಟ್ಟೂರು ಬರುತ್ತವೆ. ಆದರೆ ಐರಿಷನ ಮುಂದೆ ಹೆಚ್ಚಾಗಿ 'ಐರ್ಲೆಂಡ್' ಎಂಬ ಒಂದೇ ಪದ. 1911ರ ನಮೂನೆಗಳನ್ನು ಮನೆಯ ಯಜಮಾನನೇ ತುಂಬಬೇಕಾಗಿತ್ತು, ಅವು ಉಳಿದಿವೆ. ಈ ವಿವಾಹದಲ್ಲಿ ಜನಿಸಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂದು ಅದರಲ್ಲಿ ಕೇಳಲಾಗಿತ್ತು. ಆ ಮೂರು ಅಂಕಿಗಳ ನಡುವೆ ಒಬ್ಬ ತಾಯಿಯ ಜೀವಿತವೇ ಅಡಗಿದೆ. 1931ರ ಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು. 1941ರಲ್ಲಿ ಯುದ್ಧದ ನಿಮಿತ್ತ ಗಣತಿಯೇ ನಡೆಯಲಿಲ್ಲ.

ಪೂರ್ವಜನು ನಾವಿಕನಾಗಿದ್ದರೆ ಇನ್ನೊಂದು ಭಾಗ್ಯವುಂಟು. 1845ರಿಂದ 1853ರವರೆಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಿಗೆ ಕೊಟ್ಟ ಚೀಟಿಗಳ ದಫ್ತರಿನಲ್ಲಿ ಎತ್ತರ, ಮೈಬಣ್ಣ, ಕೂದಲು, ಕಣ್ಣು, ಗಾಯದ ಕಲೆಗಳ ವಿವರವಿದೆ. ಛಾಯಾಚಿತ್ರಕ್ಕೆ ಹಣವಿಲ್ಲದವನ ಮುಖ ಅಲ್ಲಿ ಅಕ್ಷರಗಳಲ್ಲಿ ಉಳಿದಿದೆ.

ಮೂರನೆಯ ಆಧಾರ ಧರ್ಮಕೇಂದ್ರಗಳ ದಫ್ತರು. 1754ರಿಂದ 1837ರವರೆಗೆ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ದೇವಾಲಯದಲ್ಲಿ ನಡೆದ ವಿವಾಹಕ್ಕೆ ಮಾತ್ರ ಕಾನೂನಿನ ಮಾನ್ಯತೆಯಿತ್ತು. ಯೆಹೂದ್ಯರಿಗೂ ಕ್ವೇಕರರಿಗೂ ವಿನಾಯಿತಿಯಿತ್ತು, ಕಥೋಲಿಕರಿಗಿರಲಿಲ್ಲ. ಆದ್ದರಿಂದ ಆ ಕಾಲದ ಕಥೋಲಿಕನ ಮದುವೆಯನ್ನು ಆಂಗ್ಲಿಕನ್ ಪುಸ್ತಕದಲ್ಲಿಯೂ, ಅವನ ಮಕ್ಕಳ ಜ್ಞಾನಸ್ನಾನವನ್ನು ಕಥೋಲಿಕ ಪುಸ್ತಕದಲ್ಲಿಯೂ ನೋಡಬೇಕಾಗುತ್ತದೆ. ಈ ಎರಡನೆಯದು ಹೆಚ್ಚಾಗಿ ಲ್ಯಾಟಿನಿನಲ್ಲಿರುತ್ತದೆ. ಗುರುಮಠದಲ್ಲಿ ಆ ಭಾಷೆಯನ್ನು ಕಲಿತ ನಮ್ಮಂಥವರಿಗೆ ಯಾಕೋಬುಸ್ ಎಂದರೆ ಜೇಮ್ಸ್, ಗುಲಿಯೆಲ್ಮುಸ್ ಎಂದರೆ ವಿಲಿಯಂ ಎಂಬುದು ಸಹಜವಾಗಿ ಹೊಳೆಯುತ್ತದೆ. ಹೊಸಬರು ಬೇರೊಬ್ಬನೆಂದು ಪುಟ ತಿರುವಿಬಿಡುತ್ತಾರೆ. ಜ್ಞಾನತಂದೆ, ಜ್ಞಾನತಾಯಿಯರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಬೇಕು. ಪರಸ್ಥಳದಲ್ಲಿ ಬಡವನು ಆ ಸ್ಥಾನಕ್ಕೆ ಕರೆಯುವುದು ಬಹುಮಟ್ಟಿಗೆ ತನ್ನ ರಕ್ತಸಂಬಂಧಿಯನ್ನು, ಇಲ್ಲವೇ ತನ್ನೂರಿನವನನ್ನು.

ನಾಲ್ಕನೆಯದು ನೋವಿನ ಆಧಾರ, ಬಡವರ ದುಡಿಮೆಮನೆಯ ಪುಸ್ತಕ. ಲಿವರ್‌ಪೂಲಿನ ಬ್ರೌನ್‌ಲೋ ಹಿಲ್ ದುಡಿಮೆಮನೆ ದೇಶದ ಅತಿ ದೊಡ್ಡವುಗಳಲ್ಲೊಂದು. ಅದರ ರೋಗಿಗಳ ಶುಶ್ರೂಷೆಗೆ 1865ರಲ್ಲಿ ಬಂದ ಆಗ್ನೆಸ್ ಜೋನ್ಸ್ ಎಂಬ ದಾದಿ 1868ರಲ್ಲಿ, 35ರ ಪ್ರಾಯದಲ್ಲಿ, ಟೈಫಸ್ಸಿನಿಂದಲೇ ಅಸುನೀಗಿದರು. ಪೂರ್ವಜನ ಹೆಸರು ಇಲ್ಲಿ ಸಿಕ್ಕಾಗ ಕೆಲವರು ನಾಚಿ ಅದನ್ನು ವಂಶವೃಕ್ಷದಿಂದ ಬಿಡುತ್ತಾರೆ. ನಮಗೆ ಇದು ತರವಲ್ಲವೆನಿಸುತ್ತದೆ. ಕಾಲು ಮುರಿದ ವಾರವನ್ನು ದಫ್ತರು ಬರೆದಿಟ್ಟಿತು. ಅವನು ದುಡಿದ ಮೂವತ್ತು ವರ್ಷಗಳನ್ನು ಯಾರೂ ಬರೆಯಲಿಲ್ಲ. ದಾಖಲೆಯ ಮೌನವನ್ನೂ ಸೇರಿಸಿ ತೂಗಿದರೆ ಮಾತ್ರ ಬಡವನಿಗೆ ನ್ಯಾಯ ದೊರೆತೀತು. ಆ ದುಡಿಮೆಮನೆ 1928ರಲ್ಲಿ ಮುಚ್ಚಿತು. ಅದರ ನೆಲವನ್ನು ಕಥೋಲಿಕ ಮಹಾಧರ್ಮಪ್ರಾಂತ ಕೊಂಡುಕೊಂಡಿತು. 1967ರಲ್ಲಿ ಪ್ರತಿಷ್ಠಾಪಿತವಾದ ಕ್ರಿಸ್ತರಾಜರ ಪ್ರಧಾನಾಲಯ ನಿಂತಿರುವುದು ಅಲ್ಲಿಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದೇ ಹೆಸರಿನ ಕೂಲಿಕಾರರು ಆ ಊರಿನಲ್ಲಿ ಹತ್ತಾರು ಮಂದಿ. ಗುಮಾಸ್ತನು ಕಿವಿಗೆ ಕೇಳಿದಂತೆ ಬರೆದುದರಿಂದ ಒಬ್ಬನ ಹೆಸರೇ ಮೂರು ಬಗೆಯಲ್ಲಿರುವುದೂ ಉಂಟು. ಹೆಸರಿನ ಜೊತೆಗೆ ಹೆಂಡತಿ, ಬೀದಿ, ಕಸುಬು, ಜ್ಞಾನತಂದೆ ಇವುಗಳಲ್ಲಿ ಎರಡಾದರೂ ಕೂಡಿಬರದೆ 'ಇವನೇ ನಮ್ಮವನು' ಎನ್ನಲಾಗದು. ಅನ್ಯನ ಜೀವನವನ್ನು ನಮ್ಮ ಅಜ್ಜನಿಗೆ ತೊಡಿಸುವುದು ಇಬ್ಬರಿಗೂ ಬಗೆಯುವ ಅನ್ಯಾಯ.

ಇನ್ನು ಹುಟ್ಟೂರು. 1922ರ ಜೂನ್ 30ರಂದು, ಐರಿಷ್ ಅಂತರ್ಯುದ್ಧದಲ್ಲಿ, ಡಬ್ಲಿನ್ ನಗರದ ಸರಕಾರಿ ದಾಖಲೆ ಭಂಡಾರ ಸಿಡಿದು ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಗಣತಿಗಳ ಹಾಳೆಗಳಲ್ಲಿ ಅಲ್ಪಸ್ವಲ್ಪದ ಹೊರತು ಉಳಿದುದೆಲ್ಲ ಬೂದಿಯಾಯಿತು. ಕ್ಷಾಮಕ್ಕೆ ಮೊದಲಿನ ಬಡ ಐರಿಷನಿಗೆ ಇನ್ನು ಸಾಕ್ಷಿಯೇ ಇಲ್ಲವೆ? ಇದೆ. ಕಥೋಲಿಕ ದಫ್ತರುಗಳನ್ನು ಆ ಭಂಡಾರಕ್ಕೆ ಒಪ್ಪಿಸಿರಲಿಲ್ಲ. ಹಳ್ಳಿಯ ಗುರುಮನೆಗಳ ಕಪಾಟುಗಳಲ್ಲಿ ಅವು ಹಾಗೆಯೇ ಇದ್ದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಮುಂದೆ ಅವುಗಳ ಪ್ರತಿಚಿತ್ರಗಳನ್ನು ತೆಗೆಯಿಸಿ, 2015ರಲ್ಲಿ ಅಂತರಜಾಲದ ಮೂಲಕ ಲೋಕಕ್ಕೆಲ್ಲ ಉಚಿತವಾಗಿ ತೆರೆದಿಟ್ಟಿತು. ರಾಜಧಾನಿಯ ಭವ್ಯ ಕಟ್ಟಡ ಉಳಿಸಲಾರದುದನ್ನು ಹಳ್ಳಿಯ ಕಪಾಟು ಉಳಿಸಿತು.

ಪ್ರಿಯ ವಾಚಕರೇ, ಬಡವನ ಚರಿತ್ರೆ ಅವನ ಕೈಬರಹದಲ್ಲಿಲ್ಲ. ಅವನಿಗಾಗಿ ಬರೆದವರ ನಿಷ್ಠೆಯಲ್ಲಿದೆ. ದಣಿದ ಗುರುವೊಬ್ಬ ಜ್ವರದ ಊರಿನಿಂದ ಮರಳಿ, ದೀಪದ ಬೆಳಕಿನಲ್ಲಿ ಒಂದು ಮಗುವಿನ ಹೆಸರನ್ನೂ ಅದರ ತಾಯಿಯ ತವರಿನ ಹೆಸರನ್ನೂ ಸ್ಫುಟವಾಗಿ ಬರೆದಿಟ್ಟರೆ, ನೂರೈವತ್ತು ವರ್ಷಗಳ ಮೇಲೆ ಅದೇ ಒಂದು ಮನೆತನದ ಏಕೈಕ ಶಾಸನವಾಗುತ್ತದೆ. ನಮ್ಮ ದೇವಾಲಯಗಳ ದಫ್ತರುಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳನ್ನು ಗೆದ್ದಲಿನಿಂದಲೂ ಮಳೆನೀರಿನಿಂದಲೂ ಕಾಯುವುದು ಗುರುಗಳ ಹೊಣೆ. ಮನೆಯ ಹಿರಿಯರು ಇರುವಾಗಲೇ ಅವರ ತಂದೆತಾಯಿಯರ ಹೆಸರು, ಊರು, ಕಸುಬುಗಳನ್ನು ಕೇಳಿ ಬರೆದಿಡುವುದು ನಿಮ್ಮ ಹೊಣೆ. ಮುಂದೊಂದು ದಿನ ಯಾರೋ ಅರಸುತ್ತಾ ಬರುವರು. ಅವರು ಬಂದಾಗ ಪುಟ ಬರಿದಾಗಿರಬಾರದು.