ಅಡುಗೆಮನೆ ಗುಮಾಸ್ತನ ಲೆಕ್ಕ

ವಿಲಿಯಂ ಮಾರ್ಷಲ್‌ನನ್ನು ಮಧ್ಯಯುಗದ ಇಂಗ್ಲೆಂಡಿನ ಆದರ್ಶ ವೀರನೆಂದು ಹೊಗಳುವವರು ಅವನ ಕತ್ತಿಯನ್ನೇ ನೋಡುತ್ತಾರೆ. ಅವನನ್ನು ಅರಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಒಂದು ಲೆಕ್ಕದ ಪಟ್ಟಿ. ಅವನೂ ಅವನ ಪಾಲುದಾರನಾದ ಇನ್ನೊಬ್ಬ ನೈಟ್‌ನೂ ಫ್ರಾನ್ಸಿನ ಟೂರ್ನಮೆಂಟುಗಳಲ್ಲಿ ಹತ್ತು ತಿಂಗಳೊಳಗೆ 103 ನೈಟ್‌ಗಳನ್ನು ಸೆರೆಹಿಡಿದರು. ಲೆಕ್ಕ ಬರೆದವನು ಅವನ ಒಡೆಯನಾದ ಇಂಗ್ಲೆಂಡಿನ ಯುವರಾಜನ ಅಡುಗೆಮನೆಯ ಗುಮಾಸ್ತ ವಿಗೇನ್. ಸೋತವನು ಹಣ ತೆತ್ತು ಬಿಡುಗಡೆ ಪಡೆಯಬೇಕು, ಕುದುರೆಯೂ ಗೆದ್ದವನ ಪಾಲು. ಆಸ್ತಿಯಿಲ್ಲದ ನಾಲ್ಕನೆಯ ಮಗನಿಗೆ ಅದೇ ಬೇಸಾಯ. ಎದುರಾಳಿ ಸತ್ತರೆ ಬೆಳೆಯೇ ಕೈತಪ್ಪಿದಂತೆ.

ಈ ಬೆಲೆಯ ಲೆಕ್ಕ ಅವನಿಗೆ ಬಾಲ್ಯದಲ್ಲೇ ತಟ್ಟಿತ್ತು. 1152ರಲ್ಲಿ ಒತ್ತೆಯಾಳಾಗಿದ್ದ ಹುಡುಗನನ್ನು ನೇಣಿಗೇರಿಸುವುದಾಗಿ ರಾಜ ಸ್ಟೀಫನ್ ಬೆದರಿಸಿದಾಗ, ಇನ್ನೂ ಒಳ್ಳೆಯ ಮಕ್ಕಳನ್ನು ಹುಟ್ಟಿಸುವ ಸುತ್ತಿಗೆ, ಅಡಿಗಲ್ಲು ತನ್ನ ಬಳಿ ಇವೆ ಎಂದನಂತೆ ಅಪ್ಪ. ರಾಜನೇ ಕರಗಿ ಉಳಿಸಿದ. 1189ರಲ್ಲಿ ತನ್ನ ತಂದೆಯಾದ ದೊರೆಯನ್ನು ಬೆನ್ನಟ್ಟಿ ಬಂದ ರಾಜಕುಮಾರ ರಿಚರ್ಡ್‌ನ ಎದೆಗೆ ಗುರಿಯಿಡಬಹುದಾಗಿದ್ದರೂ ಮಾರ್ಷಲ್ ಇರಿದದ್ದು ಕುದುರೆಗೆ. ಅದೇ ವರ್ಷ ರಾಜನಾದ ರಿಚರ್ಡ್ ಅವನಿಗೆ ಪೆಂಬ್ರೋಕ್ ಮನೆತನದ ಇಸಬೆಲ್‌ಳನ್ನು ಕೊಟ್ಟು ಮದುವೆ ಮಾಡಿಸಿದ.

ಇದೆಲ್ಲ ಹೊಗಳುಭಟರ ಮಾತು, ಮಾರ್ಷಲ್‌ನ ಮಗ ದುಡ್ಡು ಕೊಟ್ಟು ಬರೆಸಿದ ಕಾವ್ಯ ಎಂಬ ಆಕ್ಷೇಪವಿದೆ. ನಿಜ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕೃತಿಗೆ ಪಕ್ಷಪಾತವಿದೆ. ಆದರೆ ನಾಯಕನ ಗಳಿಕೆಯನ್ನು ಸಂಕೋಚವಿಲ್ಲದೆ ಎಣಿಸುವ ಹೊಗಳಿಕೆ, ಆ ಕಾಲದಲ್ಲಿ ಅದು ನಾಚಿಕೆಯ ಸಂಗತಿಯಲ್ಲ ಎಂಬುದನ್ನೂ ಹೇಳಿಬಿಡುತ್ತದೆ. ಮೇಲಾಗಿ ಅವನ ಕೊನೆಯ ದೊಡ್ಡ ನಿರ್ಧಾರಗಳಿಗೆ ಕಾವ್ಯದ ಹೊರಗೂ ದಾಖಲೆಯಿದೆ. 1216ರಲ್ಲಿ ಒಂಬತ್ತು ವರ್ಷದ ಮೂರನೆಯ ಹೆನ್ರಿಯ ಪರವಾಗಿ ಆಳ್ವಿಕೆ ಹೊತ್ತ ಈ ಮುದುಕ, ಜಾನ್ ದೊರೆ ತಿರಸ್ಕರಿಸಿದ್ದ ಮ್ಯಾಗ್ನಾ ಕಾರ್ಟಾವನ್ನು ತಿದ್ದಿ, ತನ್ನ ಮೊಹರು ಒತ್ತಿಸಿ ಮತ್ತೆ ಹೊರಡಿಸಿದ. 1217ರ ಮೇ 20ರಂದು ಲಿಂಕನ್‌ನಲ್ಲಿ ಬಂಡುಕೋರ ಸರದಾರರು ಮತ್ತು ಫ್ರೆಂಚರ ವಿರುದ್ಧ ಸುಮಾರು ಎಪ್ಪತ್ತರ ವಯಸ್ಸಿನಲ್ಲೂ ಮುಂದೆ ನಿಂತು ಕಾದಾಡಿದ. ನೂರಾರು ನೈಟ್‌ಗಳು ಸೆರೆಯಾದರು, ಸತ್ತವರು ತೀರ ಕಡಿಮೆ. ಬಂಡುಕೋರರು ಕರೆಸಿಕೊಂಡಿದ್ದ ಫ್ರೆಂಚ್ ರಾಜಕುಮಾರ ಲೂಯಿಯನ್ನು ಹತ್ತು ಸಾವಿರ ಮಾರ್ಕ್ ಕೊಟ್ಟು ಸಾಗಹಾಕಿದ. ಬಂಡೆದ್ದ ಸರದಾರರಿಗೆ ಅವರ ಜಮೀನು ಮರಳಿತು. ಇವೆಲ್ಲ ಟೂರ್ನಮೆಂಟಿನ ಅದೇ ಬುದ್ಧಿ: ಇವತ್ತಿನ ಶತ್ರು ನಾಳೆ ಬೇಕಾದವನು.

ಇದನ್ನು ಕರುಣೆ ಎನ್ನಲು ಮಾತ್ರ ನಾಲಿಗೆ ಹೊರಳದು. ಬಿಡುಗಡೆಯ ಹಣ ತೆರಬಲ್ಲವನ ಜೀವಕ್ಕಷ್ಟೇ ಅಲ್ಲಿ ಬೆಲೆ. ಅದೇ ವರ್ಷ ಆಗಸ್ಟಿನಲ್ಲಿ ಸ್ಯಾಂಡ್‌ವಿಚ್ ಬಳಿಯ ಕಡಲ ಕಾಳಗದಲ್ಲಿ ಫ್ರೆಂಚ್ ಹಡಗಿನ ನೈಟ್‌ಗಳು ಸೆರೆಯಾದರೆ, ನಾವಿಕರನ್ನು ಕಡಿದುಹಾಕಿದರು. ಲಿಂಕನ್‌ನಲ್ಲಿ ಗೆದ್ದವರು ಊರನ್ನೇ ಸೂರೆಗೊಂಡಾಗ, ಪುಟ್ಟ ದೋಣಿಗಳಲ್ಲಿ ಕಿಕ್ಕಿರಿದು ತಪ್ಪಿಸಿಕೊಳ್ಳಹೊರಟ ಹೆಂಗಸರೂ ಮಕ್ಕಳೂ ನದಿಯಲ್ಲಿ ಮುಳುಗಿದರು.