ವಂತಿಗೆಯಿಂದ ಗ್ರಂಥಾಲಯ ಕರದವರೆಗೆ: ಉಚಿತ ಚಿತ್ರವೀಕ್ಷಣೆಯ ಸಾಮಾಜಿಕ ನೆಲೆ

ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ಮೂಡಲಪಾಯ ಬಯಲಾಟಕ್ಕೆ ಟಿಕೆಟ್ ಇರಲಿಲ್ಲ. ಮನೆಮನೆಯಿಂದ ವಂತಿಗೆ ಎತ್ತಿ ಆಟ ಆಡಿಸುತ್ತಿದ್ದ ಊರು, ನೋಡಲು ಬಂದ ಪರಸ್ಥಳದವರಿಂದ ಕಾಸು ಕೇಳುತ್ತಿರಲಿಲ್ಲ. ಪುಕ್ಕಟೆಯಾಗಿ ತೋರುವ ಈ ಆಟದ ವೆಚ್ಚವನ್ನು ಸಮುದಾಯ ಮೊದಲೇ ಭರಿಸಿರುತ್ತಿತ್ತು ಎಂಬುದು ಗಮನಾರ್ಹ. ಟೆಂಟ್ ಸಿನಿಮಾ ಬಂದ ಮೇಲೆ ಈ ಸಂಬಂಧ ಬದಲಾಯಿತು. ನೋಡುವ ಅವಕಾಶ ಟಿಕೆಟ್ ಕೊಂಡವರದಾಯಿತು.

ಸ್ವಾತಂತ್ರ್ಯಾನಂತರ ಉಚಿತ ಪ್ರದರ್ಶನಕ್ಕೆ ಪ್ರಭುತ್ವದ ಆಶ್ರಯ ದೊರೆಯಿತು. 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರಗಳನ್ನು ಸರ್ಕಾರಿ ಪ್ರಚಾರ ವಾಹನಗಳು ಹಳ್ಳಿಗಳಿಗೆ ಒಯ್ದು ಬಯಲಿನಲ್ಲಿ ತೋರಿಸಿದವು. ಯುನೆಸ್ಕೊ ನೆರವಿನಿಂದ 1951ರಲ್ಲಿ ಪ್ರಾರಂಭವಾದ ದೆಹಲಿ ಸಾರ್ವಜನಿಕ ಗ್ರಂಥಾಲಯವು ಪುಸ್ತಕದೊಂದಿಗೆ ಚಲನಚಿತ್ರ ಪ್ರದರ್ಶನವನ್ನೂ ತನ್ನ ಸೇವೆಯಾಗಿ ಪರಿಗಣಿಸಿತು. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಎಸ್. ಆರ್. ರಂಗನಾಥನ್ ಅವರ 1931ರ ಸೂತ್ರ ಈ ಮೂಲಕ ನೋಡುಗನಿಗೂ ಅನ್ವಯವಾಯಿತೆನ್ನಬಹುದು.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ವಿಧಿಸಲು ಅವಕಾಶ ಕಲ್ಪಿಸಿತು. 8ನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ದೊರೆತಿರುವ ಹೆಬ್ಬಾಳ ಇಂದು ಮೇಲ್ಸೇತುವೆಗಳ ಬಡಾವಣೆಯಾಗಿದೆ. ಅಲ್ಲಿನ ಮನೆಯೊಡೆಯರು ಆಸ್ತಿ ತೆರಿಗೆಯ ಶೇ. 6ರಷ್ಟನ್ನು ಈ ಬಾಬ್ತಿಗೆ ತೆರುತ್ತಾರೆ. ವಂತಿಗೆಯ ಆಧುನಿಕ ರೂಪವೇ ಈ ಕರ. ಆದರೆ ವಂತಿಗೆ ಕೊಟ್ಟವರಿಗೆ ಆಟ ಕಣ್ಣೆದುರಿಗಿತ್ತು. ಕರ ಕಟ್ಟಿದವರಲ್ಲಿ ಅನೇಕರಿಗೆ ತಾವು ಕೊಟ್ಟದ್ದೇ ತಿಳಿದಿರುವುದಿಲ್ಲ. ತಿಳಿಯದ ಹಕ್ಕನ್ನು ಯಾರೂ ಕೇಳುವುದಿಲ್ಲ.

ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳ ಸದಸ್ಯರು ಕ್ಯಾನಪಿ, ಹೂಪ್ಲಾ ಮುಂತಾದ ಸೇವೆಗಳ ಮೂಲಕ ಮನೆಯಲ್ಲೇ ಶುಲ್ಕವಿಲ್ಲದೆ ಚಿತ್ರ ನೋಡುತ್ತಾರೆ. ಅಲ್ಲಿಯೂ ಹಣ ತೆರುವುದು ಗ್ರಂಥಾಲಯವೇ. ಕರ್ನಾಟಕದಲ್ಲಿ 2020ರಲ್ಲಿ ಆರಂಭವಾದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಪ್ರಧಾನವಾಗಿ ಪುಸ್ತಕ, ನಿಯತಕಾಲಿಕೆ, ಶೈಕ್ಷಣಿಕ ದೃಶ್ಯಪಾಠಗಳನ್ನು ಒದಗಿಸಲು ರೂಪುಗೊಂಡಿತು. ಕನ್ನಡ ಚಲನಚಿತ್ರ ಪರಂಪರೆಗೂ ಅಲ್ಲಿ ಸ್ಥಾನ ಕಲ್ಪಿಸುವುದು ಅದರ ಸಹಜ ವಿಸ್ತರಣೆಯಾದೀತು.

ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ಹಾಡಿದವರ ಕಂಠದಿಂದ ಕೇಳಿದವರ ಕಂಠಕ್ಕೆ ದಾಟಿದ್ದರಿಂದಲೇ ಜನಪದ ಕಾವ್ಯ ಬದುಕಿತು. ಚಿತ್ರಕ್ಕೂ ಅಂಥ ದಾಟುವಿಕೆ ಬೇಕು. ಅದಕ್ಕೆ ಜನರು ಈಗಾಗಲೇ ವಂತಿಗೆ ತೆತ್ತಿರುವ ಗ್ರಂಥಾಲಯಕ್ಕಿಂತ ಯೋಗ್ಯವಾದ ಬಯಲು ಬೇರೊಂದಿರಲಾರದು.